ಕಟವಾಯಿಯ ಲೆಕ್ಕ

ಮೇಲ್ದುಟಿ ಕೆಳದುಟಿ ಸೇರುವ ಮೂಲೆಗೆ ಕನ್ನಡದಲ್ಲಿ ಕಟವಾಯಿ ಎಂದು ಹೆಸರು. ದಿನದ ಮಾತಿನಲ್ಲಿ ಈ ಪದ ಬರುವುದು ಹೆಚ್ಚಾಗಿ ಏನಾದರೂ ಸೋರಿದಾಗಲೇ: ಮಗುವಿನ ಕಟವಾಯಲ್ಲಿ ಹಾಲು, ನಿದ್ದೆ ಹೋದವನ ಕಟವಾಯಲ್ಲಿ ಜೊಲ್ಲು, ಎಲೆಯಡಿಕೆ ಹಾಕಿಕೊಂಡ ಅಜ್ಜನ ಕಟವಾಯಲ್ಲಿ ಒಂದು ಕೆಂಪು ಗೆರೆ. ಸೋರದೆ ಇರುವಾಗ ಅದು ಯಾರ ಗಮನಕ್ಕೂ ಬರುವುದಿಲ್ಲ. ಬಾಯಿ ಅಗಲಿಸುವ ಶಸ್ತ್ರಚಿಕಿತ್ಸೆಯ ಚರಿತ್ರೆ ಓದುವವರು ಈ ಪದವನ್ನು ಕೈಯಲ್ಲಿಟ್ಟುಕೊಂಡಿರುವುದು ಒಳ್ಳೆಯದು. ಸುಮಾರು ಇನ್ನೂರು ವರ್ಷದಿಂದ ವೈದ್ಯರು ಹೆಣಗುತ್ತಿರುವುದು ಈ ಮೂಲೆಯ ಜೊತೆಗೇ.

ಹೊರಗಿನಿಂದ ನೋಡಿದರೆ ಸಮಸ್ಯೆ ಬಹಳ ಸುಲಭದ್ದು. ಸುಟ್ಟ ಗಾಯವೋ ಹುಣ್ಣೋ ಮಾಗುವಾಗ ಚರ್ಮ ಸೆಳೆದುಕೊಂಡು ಬಾಯಿ ಸಣ್ಣದಾಗಿದೆ. ಅಂಗಿಯ ಕಾಜ ಬಿಗಿಯಾದರೆ ದರ್ಜಿ ಎರಡು ತುದಿಯಲ್ಲೂ ಒಂದಿಷ್ಟು ಕತ್ತರಿಸಿ ಅಂಚು ಹೊಲಿಯುತ್ತಾನಲ್ಲ, ಹಾಗೆ ಮಾಡಿದರೆ ಮುಗಿಯಿತು. ಆದರೆ ಕಾಜಕ್ಕೆ ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಕೆಲಸವಿಲ್ಲ. ಬಾಯಿಯ ಸುತ್ತ ಉಂಗುರದಂತೆ ಒಂದು ಸ್ನಾಯು ಇದೆ. ಕಟವಾಯಿಯ ಪಕ್ಕದಲ್ಲಿ, ಕೆನ್ನೆಯೊಳಗೆ, ಆ ಉಂಗುರಕ್ಕೆ ಮುಖದ ಬೇರೆ ಬೇರೆ ಸ್ನಾಯುಗಳು ಬಂದು ಗಂಟು ಬೀಳುತ್ತವೆ. ನಗುವಾಗ ಎಳೆಯುವುದು ಈ ಗಂಟನ್ನು. ‘ಈ’ ಎನ್ನುವಾಗ ಕಟವಾಯಿಗಳು ಹಿಂದೆ ಸರಿಯುತ್ತವೆ, ‘ಊ’ ಎನ್ನುವಾಗ ಹತ್ತಿರ ಬರುತ್ತವೆ. ‘ಪ’, ‘ಬ’, ‘ಮ’ ಸರಿಯಾಗಿ ಹೊರಡಬೇಕಾದರೆ ತುಟಿಗಳು ಮೂಲೆಯವರೆಗೂ ಕೂಡಲೇಬೇಕು. ಮೂಲೆಯನ್ನು ಸುಮ್ಮನೆ ಕತ್ತರಿಸಿದರೆ ಬಾಯಿ ಅಗಲವಾಗುತ್ತದೆ, ಆದರೆ ಉಂಗುರ ತುಂಡಾಗುತ್ತದೆ. ಆಮೇಲೆ ಸಾರು ಸೋರುತ್ತದೆ, ‘ಪ’ದೊಳಗಿನ ಗಾಳಿಯೂ ಸೋರುತ್ತದೆ.

ಈ ಆಪರೇಷನ್ನಿನ ಫಲವನ್ನು ವೈದ್ಯಕೀಯ ಬರಹಗಳು ಸಾಮಾನ್ಯವಾಗಿ ಎರಡು ಕಂಬಸಾಲಿನಲ್ಲಿ ಬರೆಯುತ್ತವೆ: ಒಂದು ಕಡೆ ಕೆಲಸ, ಇನ್ನೊಂದು ಕಡೆ ಅಂದ. ಎರಡರ ನಡುವೆ ಆಯ್ಕೆ ಬಂದರೆ ಕೆಲಸ ಮೊದಲು, ಅಂದ ಆಮೇಲೆ ಎನ್ನುವುದು ನ್ಯಾಯವಾಗಿಯೇ ಕೇಳಿಸುತ್ತದೆ. ಇದರಲ್ಲಿ ಒಂದು ಮೋಸವಿದೆ. ಬಾಯಿಯ ಕೆಲಸ ಒಂದಲ್ಲ, ಎರಡು: ತೆರೆಯುವುದು ಮತ್ತು ಮುಚ್ಚುವುದು. ತೆರೆಯುವುದನ್ನು ಅಳತೆಪಟ್ಟಿಯಲ್ಲಿ ಅಳೆಯಬಹುದು. ಮುಚ್ಚುವುದಕ್ಕೆ ಅಂಥ ಸುಲಭದ ಅಳತೆ ಇಲ್ಲ. ಹಾಗಾಗಿ ‘ಕೆಲಸ’ ಎಂದಾಗಲೆಲ್ಲ ತೆರೆಯುವುದೇ ಲೆಕ್ಕಕ್ಕೆ ಬಂತು. ಮುಚ್ಚುವುದು ಅಂದದ ಸಾಲಿಗೆ ಜಾರಿತು.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಬಾಯಿ ಮುಚ್ಚಿಹೋಗಲು ಕಾರಣಗಳಿಗೆ ಬರವಿರಲಿಲ್ಲ. ಒಲೆಯ ಬೆಂಕಿ ಇತ್ತು, ಮುಖದ ಚರ್ಮಕ್ಕೆ ತಗಲುವ ಕ್ಷಯವಿತ್ತು, ಬಡಮಕ್ಕಳ ಕೆನ್ನೆಯನ್ನೇ ತಿನ್ನುವ ನೋಮಾ ಎಂಬ ಕೊಳೆರೋಗವಿತ್ತು, ಸಿಫಿಲಿಸ್ ಇತ್ತು. ಸಿಫಿಲಿಸ್ಸಿಗೆ ಕೊಡುತ್ತಿದ್ದ ಪಾದರಸವೂ ಇತ್ತು: ಜೊಲ್ಲು ಧಾರೆಯಾಗಿ ಸುರಿಯುವವರೆಗೆ ಕೊಡುವುದು ಆಗಿನ ಪದ್ಧತಿ. ಅದರಿಂದ ಬಾಯೊಳಗೆ ಹುಣ್ಣಾಗಿ, ಅದು ಮಾಗುವಾಗ ಕೆನ್ನೆ ದವಡೆಗಳು ಬಿಗಿದುಕೊಳ್ಳುತ್ತಿದ್ದವು. ಕೆಲವರ ಬಾಯಿ ಒಂದು ಕೊಳವೆ ತೂರುವಷ್ಟು ಮಾತ್ರ ಉಳಿಯುತ್ತಿತ್ತು. ಅಂಥವರ ಮುಂದಿದ್ದ ಪ್ರಶ್ನೆ ಅಂದದ್ದಲ್ಲ, ಹಸಿವಿನದು.

ಮೂಲೆ ಕತ್ತರಿಸುವ ಉಪಾಯ ಆಗಲೂ ಎಲ್ಲರಿಗೂ ಹೊಳೆದಿತ್ತು, ಎಲ್ಲರೂ ಸೋತಿದ್ದರು. ಕತ್ತರಿಸಿದ ಎರಡು ಹಸಿ ಅಂಚುಗಳು ಎದುರುಬದುರಾಗಿದ್ದರೆ ಅವು ಮೂಲೆಯಿಂದ ಮತ್ತೆ ಅಂಟುತ್ತಾ ಬರುತ್ತವೆ. ಕೆಲವೇ ವಾರಗಳಲ್ಲಿ ಬಾಯಿ ಮೊದಲಿನಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಸಣ್ಣದು. ನಡುವೆ ಬಟ್ಟೆ ಇಟ್ಟರು, ಸೀಸದ ತುಂಡು ಇಟ್ಟರು, ಕೊಕ್ಕೆ ಹಾಕಿ ಎಳೆದರು. ಮಾಗುವ ಗಾಯದ ಹಟ ಇವೆಲ್ಲಕ್ಕಿಂತ ದೊಡ್ಡದಾಗಿತ್ತು.

ಇದಕ್ಕೆ ನಿಲ್ಲುವಂಥ ಉತ್ತರ ಕೊಟ್ಟವನು ಬರ್ಲಿನ್ನಿನ ಯೋಹಾನ್ ಫ್ರೀಡ್ರಿಖ್ ಡೀಫೆನ್‌ಬಾಖ್. 1792ರಲ್ಲಿ ಕ್ಯೋನಿಗ್ಸ್‌ಬರ್ಗಿನಲ್ಲಿ ಹುಟ್ಟಿ, ಮೊದಲು ದೇವತಾಶಾಸ್ತ್ರ ಓದಿ, ಆಮೇಲೆ ವೈದ್ಯಕ್ಕೆ ಬಂದವನು. ಅವನು ಕೆಲಸ ಮಾಡಿದ ಬರ್ಲಿನ್‌ಗೆ ನಮ್ಮ ಕಡೆಯ ಒಂದು ನಂಟೂ ಇದೆ. ಇಂಗ್ಲಿಷ್ ಸೈನ್ಯದ ಬಂಡಿ ಹೊಡೆಯುತ್ತಿದ್ದ ಕವಾಸ್‌ಜೀ ಎಂಬವನು 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದ. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಿ ಹಣೆಯ ಚರ್ಮ ಇಳಿಸಿ ಅವನಿಗೆ ಮೂಗು ಕಟ್ಟಿಕೊಟ್ಟ. 1794ರಲ್ಲಿ ಈ ಸುದ್ದಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಚಿತ್ರದ ಸಮೇತ ಬಂತು. ಅದನ್ನು ನೋಡಿ ಲಂಡನ್ನಿನ ಕಾರ್ಪ್ಯೂ ಮೂಗು ಕಟ್ಟಿದ. ಬರ್ಲಿನ್ನಿನ ಕಾರ್ಲ್ ಫಾನ್ ಗ್ರೇಫೆ 1818ರಲ್ಲಿ ಆ ವಿಷಯದ ಮೇಲೆ ಪುಸ್ತಕ ಬರೆದ. ಗ್ರೇಫೆಯ ನಂತರ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾಲಯದ ಮುಖ್ಯಸ್ಥನಾದವನೇ ಡೀಫೆನ್‌ಬಾಖ್. ಬದುಕಿರುವ ಚರ್ಮವನ್ನು ಪಕ್ಕದಿಂದ ಸರಿಸಿ ತಂದು ಬೇಕಾದಲ್ಲಿ ಹೊದಿಸಬಹುದು ಎಂಬ ನಂಬಿಕೆ ಅಲ್ಲಿ ಗಟ್ಟಿಯಾಗಿ ಬೇರೂರಿತ್ತು.

ಡೀಫೆನ್‌ಬಾಖ್ ಮಾಡಿದ್ದು ಇಷ್ಟು. ಕಟವಾಯಿಯಿಂದ ಹೊರಕ್ಕೆ ಗಾಯಗಟ್ಟಿದ ಚರ್ಮದ ಒಂದು ಪಟ್ಟಿಯನ್ನು ತೆಗೆದುಹಾಕಿದ. ಆದರೆ ಅದರ ಕೆಳಗಿನ ಲೋಳೆಪೊರೆಯನ್ನು, ಅಂದರೆ ಕೆನ್ನೆಯ ಒಳಗಿನ ಒದ್ದೆ ಹೊದಿಕೆಯನ್ನು, ಹಾಗೇ ಬಿಟ್ಟ. ಆಮೇಲೆ ಆ ಪೊರೆಯನ್ನು ನಡುವೆ ಸೀಳಿ, ಎರಡು ಭಾಗಗಳನ್ನೂ ಹೊರಕ್ಕೆ ಮಗುಚಿ, ಚರ್ಮದ ಅಂಚಿಗೆ ಹೊಲಿದ. ಈಗ ಎದುರುಬದುರಾಗಿ ನಿಂತದ್ದು ಹಸಿ ಗಾಯಗಳಲ್ಲ, ಪೊರೆ ಹೊದ್ದ ಅಂಚುಗಳು. ಅವು ಅಂಟುವುದಿಲ್ಲ. ದರ್ಜಿ ಒಳಬಟ್ಟೆಯನ್ನು ಹೊರಕ್ಕೆ ಮಡಚಿ ಅಂಚು ಕಟ್ಟುವ ರೀತಿಯೇ. ಮುಂದೆ ಬಂದ ಹತ್ತಾರು ವಿಧಾನಗಳೆಲ್ಲ ಈ ಒಂದು ಮಡಿಕೆಯ ತಿದ್ದುಪಡಿಗಳು ಎಂದರೆ ಹೆಚ್ಚೇನೂ ತಪ್ಪಾಗದು.

ಅರಿವಳಿಕೆ ಇಲ್ಲದ ಕಾಲ ಅದು. ಈಥರ್ ಬಂದದ್ದು 1846ರಲ್ಲಿ; ಮರುವರ್ಷ ಡೀಫೆನ್‌ಬಾಖ್ ಅದರ ಬಗ್ಗೆ ಒಂದು ಪುಸ್ತಕ ಬರೆದು ಅದೇ ವರ್ಷ ತೀರಿಕೊಂಡ. ಅದಕ್ಕೆ ಮುಂಚಿನ ರೋಗಿಗಳೆಲ್ಲ ಎಚ್ಚರವಿದ್ದೇ ಬಾಯಿ ಕೊಯ್ಯಿಸಿಕೊಂಡವರು. ಅಂಥವರ ಎದುರು ನಿಂತು ಅಂದದ ಮಾತಾಡುವುದು ಈಗಲೂ ಸ್ವಲ್ಪ ಕಷ್ಟ. ಆದರೂ ಹೊಸ ಕಟವಾಯಿ ನೋಡಲು ಬೇರೆಯಾಗಿಯೇ ಇರುತ್ತಿತ್ತು. ಕೆನ್ನೆಯ ಒಳಪೊರೆ ತುಟಿಯ ಬಣ್ಣದ್ದಲ್ಲ. ಗಾಳಿಗೆ ಒಣಗುತ್ತದೆ, ಬಿರಿಯುತ್ತದೆ. ಚೂಪಾಗಿರಬೇಕಾದ ಮೂಲೆ ಮೀನಿನ ಬಾಯಿಯಂತೆ ದುಂಡಗಾಗುತ್ತದೆ. ದುಂಡಗಾದ ಮೂಲೆಯಲ್ಲಿ ಮೇಲ್ದುಟಿ ಕೆಳದುಟಿ ಪೂರ್ತಿ ಕೂಡುವುದಿಲ್ಲ. ನೋಡುವವರಿಗೆ ಅದು ರೂಪದ ಕೊರತೆ, ಉಣ್ಣುವವರಿಗೆ ಸೋರುವ ಸಂದು. ಎರಡೂ ಒಂದೇ ಜಾಗ.

1872ರಲ್ಲಿ ಹೆಲ್ಸಿಂಕಿಯ ಎಸ್ಟ್‌ಲಾಂಡರ್ ತುಟಿಯ ಕ್ಯಾನ್ಸರಿಗೆ ಹೊಸ ದಾರಿ ತೋರಿಸಿದ. ಒಂದು ತುಟಿಯಲ್ಲಿ ಗಡ್ಡೆ ತೆಗೆದ ಖಾಲಿಯನ್ನು ಇನ್ನೊಂದು ತುಟಿಯ ತುಂಡನ್ನು ಕಟವಾಯಿಯ ಸುತ್ತ ತಿರುಗಿಸಿ ತುಂಬುವುದು. ಇವತ್ತಿಗೂ ಅದು ಅವನ ಹೆಸರಲ್ಲೇ ನಡೆಯುತ್ತಿದೆ. ತುಟಿಗೆ ತುಟಿಯೇ ಸಿಗುತ್ತದೆ, ಸ್ನಾಯು ಸಮೇತ. ಬೆಲೆಯಾಗಿ ಬಾಯಿ ಸಣ್ಣದಾಗುತ್ತದೆ, ಮೂಲೆ ದುಂಡಗಾಗುತ್ತದೆ. ಹಾಗಾಗಿ ರೋಗ ತಾರದ ಸಣ್ಣ ಬಾಯಿಯನ್ನು ಚಿಕಿತ್ಸೆಯೇ ತರತೊಡಗಿತು, ಅದನ್ನು ಅಗಲಿಸುವ ಎರಡನೆಯ ಆಪರೇಷನ್ ಪಾಠದ ಭಾಗವಾಯಿತು. ಈ ಎರಡನೆಯದು ಬೇಕೇ ಬೇಡವೇ ಎನ್ನುವುದನ್ನು ಎಷ್ಟೋ ಸಲ ತೀರ್ಮಾನಿಸುತ್ತಿದ್ದುದು ಕನ್ನಡಿಯಲ್ಲ, ಹಲ್ಲುಸೆಟ್ಟು. ತುಟಿಯ ಕ್ಯಾನ್ಸರ್ ಹೆಚ್ಚಾಗಿ ವಯಸ್ಸಾದವರ ರೋಗ. ಅವರಲ್ಲಿ ಬಹಳ ಜನ ಕಟ್ಟಿಸಿದ ಹಲ್ಲಿನವರು. ಇಡಿಯ ಸೆಟ್ಟು ಸಣ್ಣ ಬಾಯೊಳಗೆ ಹೋಗುವುದಿಲ್ಲ. ದಂತವೈದ್ಯರು ಅದಕ್ಕೆ ಮಡಚುವ ಸೆಟ್ಟು, ಎರಡು ತುಂಡಾಗಿ ಒಳಗೆ ಹೋಗಿ ಅಲ್ಲೇ ಜೋಡಿಸುವ ಸೆಟ್ಟು ಎಂದೆಲ್ಲ ಮಾಡಿದರು. ಬಾಯಿ ಕೊಯ್ಯುವ ಬದಲು ಹಲ್ಲನ್ನು ಕೊಯ್ದ ಈ ಜಾಣತನಕ್ಕೆ ಶಸ್ತ್ರಚಿಕಿತ್ಸೆಯ ಚರಿತ್ರೆಗಳಲ್ಲಿ ಸಿಗುವ ಜಾಗ ಕಡಿಮೆ.

ಇಪ್ಪತ್ತನೆಯ ಶತಮಾನದಲ್ಲಿ ಕಟವಾಯಿಗೆ ಹೊಸ ಶತ್ರು ಬಂತು. ಅಮೆರಿಕದ ಮನೆಗಳ ನೆಲದ ಮೇಲೆ ವಿದ್ಯುತ್ತಿನ ವಯರು ಹರಿದಾಡತೊಡಗಿದಾಗ ಅಂಬೆಗಾಲಿಡುವ ಮಕ್ಕಳು ಅದನ್ನು ಬಾಯಿಗಿಟ್ಟರು. ಜೊಲ್ಲಿನ ಮೂಲಕ ವಿದ್ಯುತ್ ಹರಿದು ಸುಟ್ಟುಹೋಗುತ್ತಿದ್ದುದು ಹೆಚ್ಚಾಗಿ ಒಂದು ಬದಿಯ ಕಟವಾಯಿ. ಮೊದಲ ದಿನ ಗಾಯ ಅಷ್ಟೇನೂ ಭಯಂಕರ ಕಾಣದು. ಒಂದೆರಡು ವಾರದಲ್ಲಿ ಸತ್ತ ಭಾಗ ಕಳಚುವಾಗ ತುಟಿಯ ರಕ್ತನಾಳ ಒಡೆದು ರಕ್ತ ಚಿಮ್ಮಬಹುದು. ಮಗುವನ್ನು ಮನೆಗೆ ಕಳಿಸುವಾಗ ತುಟಿಯನ್ನು ಬೆರಳುಗಳ ನಡುವೆ ಒತ್ತಿ ಹಿಡಿಯುವುದು ಹೇಗೆಂದು ತಾಯ್ತಂದೆಯರಿಗೆ ಕಲಿಸಿಯೇ ಕಳಿಸಬೇಕಾಗುತ್ತಿತ್ತು.

ಈ ಮಕ್ಕಳ ವಿಷಯದಲ್ಲಿ ವೈದ್ಯರು ಎರಡು ಪಂಗಡವಾದರು. ಬೇಗ ಕೊಯ್ದು ಸರಿಮಾಡಬೇಕು ಎಂದರು ಕೆಲವರು; ಗಾಯ ಪೂರ್ತಿ ಮಾಗಿ ಮೆತ್ತಗಾಗುವವರೆಗೆ ಕಾಯಬೇಕು ಎಂದರು ಇನ್ನು ಕೆಲವರು. ಬೇಗ ಕೊಯ್ದರೆ, ಬದುಕಿ ಉಳಿಯಬಹುದಾಗಿದ್ದ ತುಟಿಯೂ ಹೋಗುತ್ತದೆ. ತಡಮಾಡಿದರೆ ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಬೆಳೆಯುವ ದವಡೆ ಹಲ್ಲುಗಳ ಮೇಲೂ ಆ ಎಳೆತ ಬೀಳುತ್ತದೆ. 1970ರ ದಶಕದಲ್ಲಿ ಮೂರನೆಯ ದಾರಿಯೊಂದು ಗಟ್ಟಿಯಾಯಿತು: ಹಲ್ಲಿಗೆ ಹಿಡಿದು ನಿಲ್ಲುವ ಅಕ್ರಿಲಿಕ್ಕಿನ ಒಂದು ಆಧಾರ, ಅದರ ರೆಕ್ಕೆಗಳು ಎರಡೂ ಕಟವಾಯಿಗಳನ್ನು ಅವುಗಳ ಜಾಗದಲ್ಲೇ ಹಿಡಿದಿಡುತ್ತವೆ. ಆರು ತಿಂಗಳೋ ವರ್ಷವೋ, ಗಾಯ ಸೆಳೆಯುವ ಅವಧಿಯುದ್ದಕ್ಕೂ ಹಾಕಿಕೊಂಡಿರಬೇಕು. ಅದನ್ನು ಬಿಡದೆ ಹಾಕಿಸಿದ ಮನೆಗಳಲ್ಲಿ ಅನೇಕ ಮಕ್ಕಳಿಗೆ ಆಪರೇಷನ್ನೇ ಬೇಕಾಗಲಿಲ್ಲ, ಬೇಕಾದರೂ ಸಣ್ಣದರಲ್ಲಿ ಮುಗಿಯಿತು. ಕಟವಾಯಿಯನ್ನು ಮತ್ತೆ ಕಟ್ಟುವುದಕ್ಕಿಂತ ಇದ್ದದ್ದನ್ನು ಉಳಿಸಿಕೊಳ್ಳುವುದು ಅಂದಕ್ಕೂ ಮೇಲು, ಕೆಲಸಕ್ಕೂ ಮೇಲು ಎಂಬುದು ಇಲ್ಲಿ ಖಚಿತವಾಯಿತು.

ಉಳಿದಿರದ ಕಡೆ ಕಟ್ಟುವ ಕಲೆಯೂ ಅಷ್ಟರಲ್ಲಿ ಸೂಕ್ಷ್ಮವಾಗಿತ್ತು. ಹೊಸ ಮೂಲೆ ಎಲ್ಲಿರಬೇಕು ಎಂಬುದನ್ನು ಇನ್ನೊಂದು ಬದಿಯ ಅಳತೆಯಿಂದ ಗುರುತು ಮಾಡುತ್ತಾರೆ. ಎರಡೂ ಹೋಗಿದ್ದರೆ ಕಣ್ಣಿನ ಪಾಪೆಯಿಂದ ನೇರ ಕೆಳಕ್ಕೆ ಗೆರೆ ಎಳೆದು ಅದರ ಆಸುಪಾಸಿನಲ್ಲಿ. ಸ್ನಾಯುವನ್ನು ಕತ್ತರಿಸಿ ಬಿಡದೆ ಅದರ ತುದಿಗಳನ್ನು ಹೊಸ ಮೂಲೆಗೆ ತಂದು ಕಟ್ಟುವ ವಿಧಾನಗಳು ಬಂದವು. ಅಂದಕ್ಕೆಂದು ಮಾಡಿದ ಈ ನಾಜೂಕು ಮುಚ್ಚುವ ಕೆಲಸಕ್ಕೂ ಒದಗಿತು.

ಇಲ್ಲಿಯವರೆಗಿನ ಕಥೆಯಲ್ಲಿ ಅಂದ ಮತ್ತು ಕೆಲಸ ಕೊನೆಗೆ ಒಂದೇ ಕಡೆ ನಿಲ್ಲುತ್ತವೆ. ಅವು ನಿಜವಾಗಿ ಎದುರುಬದುರಾದದ್ದು ಭಾರತದಲ್ಲಿ. ಇಲ್ಲಿನ ರೋಗವೇ ಬೇರೆ. ತುಟಿಗೆ ಗಾಯವಿಲ್ಲ, ಮುಖದಲ್ಲಿ ಕಲೆಯಿಲ್ಲ, ಬಾಯಿ ಅಗಲಕ್ಕೇ ಇದೆ. ಆದರೆ ತೆರೆಯುವುದಿಲ್ಲ.

1952ರಲ್ಲಿ ಶ್ವಾರ್ಟ್ಸ್ ಎಂಬವನು ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರ ಬಾಯಿ ಹೀಗೆ ಬಿಗಿದಿರುವುದನ್ನು ವರದಿ ಮಾಡಿ ಲ್ಯಾಟಿನ್ನಿನಲ್ಲಿ ಉದ್ದದ ಹೆಸರು ಕೊಟ್ಟ. ಕಾರಣ ತಿಳಿಯದ, ಉಷ್ಣವಲಯದ ರೋಗ ಎಂಬುದು ಆ ಹೆಸರಿನ ತಾತ್ಪರ್ಯ. ಮರುವರ್ಷ ಮುಂಬಯಿಯ ಎಸ್.ಜಿ. ಜೋಶಿ ಇದೇ ರೋಗವನ್ನು ಇಲ್ಲಿನ ರೋಗಿಗಳಲ್ಲಿ ವಿವರಿಸಿ, ಈಗಲೂ ಬಳಕೆಯಲ್ಲಿರುವ ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ ಎಂಬ ಹೆಸರಿಟ್ಟರು. ಲೋಳೆಪೊರೆಯ ಕೆಳಗೆ ನಾರುಗಟ್ಟುವುದು ಎಂದು ಅರ್ಥ. 1966ರಲ್ಲಿ ಡೆನ್ಮಾರ್ಕಿನ ಯೆನ್ಸ್ ಪಿಂಡ್‌ಬೋರ್ಗ್ ಮತ್ತು ಮುಂಬಯಿಯ ಸತ್ಯವತಿ ಸಿರ್ಸಾಟ್ ಸೇರಿ ರೋಗದ ಲಕ್ಷಣವನ್ನು ಖಚಿತಗೊಳಿಸಿದರು. ಮೊದಮೊದಲು ಖಾರದ ಉರಿ, ಆಮೇಲೆ ಕೆನ್ನೆಯೊಳಗೆ ಬಿಳಿಚಿದ ಬಣ್ಣ, ಆಮೇಲೆ ಬೆರಳಿಟ್ಟರೆ ಹಗ್ಗದಂತೆ ಸಿಗುವ ಪಟ್ಟಿಗಳು. ಮೂರು ಬೆರಳು ಹೋಗಬೇಕಾದ ಬಾಯಿಗೆ ಎರಡು, ಆಮೇಲೆ ಒಂದು. ಮುಂಬಾಚಿಹಲ್ಲುಗಳ ನಡುವಿನ ಅಂತರ ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್. ಇಲ್ಲಿ ಅದು 15ಕ್ಕೂ 10ಕ್ಕೂ ಇಳಿಯುತ್ತದೆ.

ಉರಿಯ ಜಾಡು ಹಿಡಿದು ಬಹಳ ಕಾಲ ಮೆಣಸಿನಕಾಯಿಯ ಮೇಲೆ ಅನುಮಾನವಿತ್ತು. ತಪ್ಪು ನಿಂತದ್ದು ಅಡಿಕೆಯ ಮೇಲೆ. ಅಡಿಕೆಯ ಅರೆಕೊಲಿನ್ ನಾರು ಹೆಣೆಯುವ ಜೀವಕೋಶಗಳನ್ನು ಕೆರಳಿಸುತ್ತದೆ, ಅದರ ಒಗರು ಆ ನಾರು ಕರಗದಂತೆ ಗಟ್ಟಿಮಾಡುತ್ತದೆ, ಅದರಲ್ಲಿರುವ ತಾಮ್ರ ಹೆಣಿಗೆಯನ್ನು ಬಿಗಿಮಾಡುತ್ತದೆ. ತೊಗಲು ಹದಮಾಡುವಲ್ಲಿ ಒಗರು ಮಾಡುವ ಕೆಲಸಕ್ಕೂ ಇದಕ್ಕೂ ಬಹಳ ದೂರವಿಲ್ಲ. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಸೊಪ್ಪು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ. ಮಲೆನಾಡಿನ ಕೆಂಪಡಿಕೆಗೆ ಬೆಲೆ ಕಟ್ಟುವುದು ಉತ್ತರದ ಪಾನ್ ಮಸಾಲದ ಕಾರ್ಖಾನೆಗಳು. ಪುಣೆಯಲ್ಲೋ ದೆಹಲಿಯಲ್ಲೋ ಕೆಲಸ ಮಾಡುತ್ತಾ ಊರಿನ ತೋಟದ ಲೆಕ್ಕ ಕೇಳುವ ಕನ್ನಡಿಗರಿಗೆ ಈ ಸಾಲು ಓದುವಾಗ ಆಗುವ ಇರುಸುಮುರುಸು ಸಣ್ಣದಲ್ಲ. 1970ರ ದಶಕದ ನಂತರ ಎಲೆ ಬಿಟ್ಟು, ಒಣ ಅಡಿಕೆ ಚೂರು ಪ್ಯಾಕೆಟ್ಟಿಗೆ ಬಂತು. ರೋಗಿಯ ವಯಸ್ಸು ಇಪ್ಪತ್ತು ಮೂವತ್ತಕ್ಕೆ ಇಳಿಯಿತು. 2012ರಿಂದ ಒಂದೊಂದೇ ರಾಜ್ಯ ಗುಟ್ಕಾ ನಿಷೇಧಿಸಿತು, 2013ರಲ್ಲಿ ಕರ್ನಾಟಕವೂ. ಅಂಗಡಿಯವರು ಮಸಾಲ ಒಂದು, ಹೊಗೆಸೊಪ್ಪು ಒಂದು ಎಂದು ಜೋಡಿ ಪ್ಯಾಕೆಟ್ ಮಾರತೊಡಗಿದರು.

ಬಿಗಿದ ಬಾಯಿ ಬಿಡಿಸಲು ಹೋದ ಶಸ್ತ್ರವೈದ್ಯರು ಡೀಫೆನ್‌ಬಾಖನ ಮುಂಚಿನವರ ತಪ್ಪನ್ನೇ ಮೊದಲು ಮಾಡಿದರು. ಕೆನ್ನೆಯೊಳಗಿನ ಪಟ್ಟಿಗಳನ್ನು ಕತ್ತರಿಸಿದರು. ಟೇಬಲ್ಲಿನ ಮೇಲೆ ಬಾಯಿ ಚೆನ್ನಾಗಿ ತೆರೆಯಿತು. ಹಸಿ ಜಾಗ ನಾರುಗಟ್ಟಿ ಕೆಲವು ತಿಂಗಳಲ್ಲಿ ಮುಚ್ಚಿತು. ಹಸಿಯನ್ನು ಹೊದಿಸಲೇಬೇಕು. ತೊಡೆಯ ಚರ್ಮ ಹಚ್ಚಿದರು, ಅದು ಕುಗ್ಗಿತು. ನಾಲಗೆಯ ತುಂಡನ್ನು ತಿರುಗಿಸಿದರು, ಮಾತು ತೊಡರಿತು. 1995ರಲ್ಲಿ ಖನ್ನಾ ಮತ್ತು ಅಂದ್ರಾದೆ ನೂರು ರೋಗಿಗಳ ಅನುಭವ ಪ್ರಕಟಿಸಿದರು. ಅವರು ಅಂಗುಳದ ಪೊರೆಯನ್ನು ಕೆನ್ನೆಗೆ ಸರಿಸಿ, ಜೊತೆಗೆ ದವಡೆಯನ್ನು ಎಳೆದು ಹಿಡಿಯುವ ಸ್ನಾಯುವನ್ನೂ ಅದು ಅಂಟಿದ ಮೂಳೆಯ ತುದಿಯನ್ನೂ ಬಿಡಿಸಿದ್ದರು.

ಭಾರತದಲ್ಲಿ ಬಹಳ ಬಳಕೆಗೆ ಬಂದದ್ದು ಮಾತ್ರ ಮೂಗಿನ ಪಕ್ಕದಿಂದ ಕಟವಾಯಿಯ ಕಡೆಗೆ ಇಳಿಯುವ ಗೆರೆಯ ಚರ್ಮ. ಆ ಚರ್ಮವನ್ನು ಪಟ್ಟಿಯಾಗಿ ಎತ್ತಿ, ಕೆನ್ನೆಯಲ್ಲಿ ಸುರಂಗ ಮಾಡಿ ಒಳಕ್ಕೆ ತೂರಿಸಿ, ಹಸಿ ಜಾಗಕ್ಕೆ ಹೊಲಿಯುತ್ತಾರೆ. ರಕ್ತ ಚೆನ್ನಾಗಿ ಹರಿಯುವ ಚರ್ಮ, ಕುಗ್ಗುವುದಿಲ್ಲ, ಬಾಯಿ ಚೆನ್ನಾಗಿ ತೆರೆಯುತ್ತದೆ. ಅಳತೆಪಟ್ಟಿಯ ಪ್ರಕಾರ ಒಳ್ಳೆಯ ಅಂಕ. ಆದರೆ ಎರಡೂ ಕೆನ್ನೆಯ ಮೇಲೆ ಹೊಲಿಗೆಯ ಗೆರೆ. ಅರುವತ್ತರ ಮುಖದಲ್ಲಿ ಆ ಗೆರೆ ಸುಕ್ಕಿನೊಳಗೆ ಅಡಗುತ್ತದೆ. ಇಪ್ಪತ್ತೈದರ ಮುಖದಲ್ಲಿ ಅಡಗಲು ಸುಕ್ಕೇ ಇರುವುದಿಲ್ಲ. ಈ ರೋಗಿಗಳಲ್ಲಿ ಹೆಚ್ಚಿನವರು ಗಂಡಸರಾದ್ದರಿಂದ ಇನ್ನೊಂದು ಎಡವಟ್ಟು: ಒಳಗೆ ಹೋದ ಚರ್ಮದಲ್ಲಿ ಗಡ್ಡದ ಕೂದಲು ಬೆಳೆಯುತ್ತದೆ. ಕೆಲವರಲ್ಲಿ ಕಟವಾಯಿ ಹೊರಕ್ಕೆ ಎಳೆದುಕೊಂಡು ಬಾಯಿ ಬೇಡದ ಅಗಲವನ್ನೂ ಪಡೆಯುತ್ತದೆ. ರೋಗ ಮುಟ್ಟದೆ ಬಿಟ್ಟಿದ್ದ ಮುಖವನ್ನು ಚಿಕಿತ್ಸೆ ಮುಟ್ಟಿತು. ಅಡಿಕೆ ಚಟದ ಗುಟ್ಟು ಅಲ್ಲಿಯವರೆಗೆ ಬಾಯೊಳಗಿತ್ತು. ಈಗ ಮದುವೆಯ ಮಾತುಕತೆಗೂ ಕೆಲಸದ ಸಂದರ್ಶನಕ್ಕೂ ಅದು ಮುಖದ ಮೇಲೇ ಹೋಗಬೇಕು.

ಹಾಗೆಂದು ಆಪರೇಷನ್ ಬೇಡವೆನ್ನುವಂತೆಯೂ ಇಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ 66 ರೋಗಿಗಳನ್ನು 17 ವರ್ಷ ಗಮನಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವರಿಗೆ, ಅಂದರೆ ಶೇ 7.6ರಷ್ಟು ಜನರಿಗೆ ಬಾಯಿಯ ಕ್ಯಾನ್ಸರ್ ಬಂದಿತ್ತು. ತೆರೆಯದ ಬಾಯೊಳಗೆ ಹುಟ್ಟುವ ಹುಣ್ಣನ್ನು ನೋಡುವವರು ಯಾರು? ಹಲ್ಲು ಕೀಳಿಸಲು, ಇನ್ಯಾವುದೋ ಆಪರೇಷನ್ನಿನಲ್ಲಿ ಉಸಿರಿನ ಕೊಳವೆ ಇಳಿಸಲು ಕೂಡ ಬಾಯಿ ಬೇಕು. ತೆರೆಯುವುದೆಂದರೆ ತುತ್ತಿನ ಲೆಕ್ಕವಷ್ಟೇ ಅಲ್ಲ, ಇಣುಕಿ ನೋಡಲು ಬಾಗಿಲು ಕೂಡ.

ಮುಖ ಉಳಿಸಲು ಹುಡುಕಿದ ದಾರಿಗಳಲ್ಲಿ ಕೆನ್ನೆಯೊಳಗಿನ ಕೊಬ್ಬಿನ ಮುದ್ದೆಯನ್ನು ಬಳಸುವುದು ಒಂದು. ಹಲ್ಲಿನ ಹಿಂದಿನಿಂದ ಅದನ್ನು ಎಳೆದು ಹಸಿ ಜಾಗಕ್ಕೆ ಹೊದಿಸಿದರೆ ಕೆಲವು ವಾರದಲ್ಲಿ ಅದರ ಮೇಲೆ ಹೊಸ ಪೊರೆ ಬೆಳೆಯುತ್ತದೆ. ಹೊರಗೆ ಒಂದು ಗೀರೂ ಇಲ್ಲ. ಕೊರತೆಯೆಂದರೆ ಅದು ಮುಂದಕ್ಕೆ, ಕಟವಾಯಿಯವರೆಗೆ, ಎಲ್ಲರಲ್ಲೂ ತಲುಪುವುದಿಲ್ಲ. ತಲುಪದ ಜಾಗ ಮತ್ತೆ ಬಿಗಿಯುತ್ತದೆ. (ಇದೇ ಕೊಬ್ಬನ್ನು ಸೌಂದರ್ಯದ ಕ್ಲಿನಿಕ್ಕುಗಳಲ್ಲಿ, ಕೆನ್ನೆ ಕುಳಿಬಿದ್ದು ಚೂಪಾಗಿ ಕಾಣಲಿ ಎಂದು ತೆಗೆದು ಎಸೆಯುತ್ತಾರೆ.) ಮುಂಗೈಯ ಚರ್ಮವನ್ನು ರಕ್ತನಾಳ ಸಮೇತ ತಂದು ಕೂರಿಸುವುದು ಇನ್ನೊಂದು ದಾರಿ. ಅದು ಗಂಟೆಗಟ್ಟಲೆಯ ಕೆಲಸ, ದೊಡ್ಡ ಆಸ್ಪತ್ರೆ ಬೇಕು, ಖರ್ಚೂ ಹೆಚ್ಚು. ಮುಖ ಉಳಿಯುತ್ತದೆ, ಕಲೆ ಕೈಗೆ ಹೋಗುತ್ತದೆ.

ಇಷ್ಟೆಲ್ಲದರ ನಡುವೆ ರೋಗಿಯನ್ನೇ ಕೇಳುವ ಅಭ್ಯಾಸ ತಡವಾಗಿ ಬಂತು. ಚರ್ಮವೇ ಗಟ್ಟಿಯಾಗಿ ಬಾಯಿ ಸಣ್ಣದಾಗುವ ಸ್ಕ್ಲಿರೋಡರ್ಮಾ ರೋಗಿಗಳಿಗಾಗಿ ಫ್ರಾನ್ಸಿನ ವೈದ್ಯರು 2007ರಲ್ಲಿ ಹನ್ನೆರಡು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಬಾಯಿ ತೆರೆಯುವ ಕಷ್ಟ, ಒಣಬಾಯಿಯ ಕಷ್ಟಗಳ ಜೊತೆಗೆ, ನೋಟದ ಬಗೆಗಿನ ಚಿಂತೆಯೂ ಅದರಲ್ಲಿ ಬಾಯಿಯ ತೊಂದರೆಗಳಲ್ಲಿ ಒಂದೆಂದೇ ಎಣಿಕೆಯಾಗುತ್ತದೆ, ಬೇರೆ ಕಂಬಸಾಲಿನಲ್ಲಲ್ಲ. ಅಡಿಕೆಯ ರೋಗಿಗಳ ಬಗ್ಗೆ ಬರುವ ವರದಿಗಳಲ್ಲಿ ಮಾತ್ರ ಇನ್ನೂ ಮಿಲಿಮೀಟರಿನದೇ ದೊರೆತನ.

ಯಾವ ಚರ್ಮ ಹೊದಿಸಿದರೂ, ಆಪರೇಷನ್ ಆದ ಕೆಲವೇ ದಿನಕ್ಕೆ ರೋಗಿ ತಾನೇ ಬಾಯಿ ತೆರೆಯಲು ಶುರುಮಾಡಬೇಕು. ಹೊಲಿಗೆ ಇನ್ನೂ ಹಸಿ ಇರುತ್ತದೆ, ನೋವು ಜೋರು. ಹದಿನೆಂಟನೆಯ ಶತಮಾನದ ಜರ್ಮನ್ ಶಸ್ತ್ರವೈದ್ಯ ಹೈಸ್ಟರನ ಹೆಸರಿನ ತಿರುಪಿನ ಉಪಕರಣವೊಂದು ಇದಕ್ಕೆ ಇವತ್ತಿಗೂ ಬಳಕೆಯಲ್ಲಿದೆ: ಹಲ್ಲುಗಳ ನಡುವೆ ಇಟ್ಟು ತಿರುಗಿಸಿದಂತೆ ದವಡೆ ಸರಿಯುತ್ತದೆ. ಅದನ್ನು ಕೊಳ್ಳಲಾಗದವರಿಗೆ ಐಸ್‌ಕ್ರೀಮ್ ಕಡ್ಡಿಯಂಥ ಚಪ್ಪಟೆ ಮರದ ಕಡ್ಡಿಗಳು ಸಾಕು. ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ತುರುಕಿ ಹಿಡಿಯುವುದು, ದಿನಕ್ಕೆ ನಾಲ್ಕಾರು ಸಲ, ಆರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ಬಾಯಿ ಸ್ವಲ್ಪ ಸಡಿಲಾದಾಗ ಕಟ್ಟಿಗೆ ಇನ್ನೊಂದು ಕಡ್ಡಿ ಸೇರಿಸಬೇಕು. ಬಿಟ್ಟವರಿಗೆ ಮರುಭೇಟಿಯ ಹೊತ್ತಿಗೆ ಎರಡು ಕಡ್ಡಿ ಕಡಿಮೆ ಹಿಡಿಯುತ್ತದೆ.